ತನ್ನ ಭಾರವನ್ನೇ ಎತ್ತಲಾರದ ತೋಳು

1981ನೆಯ ಇಸವಿ ನವೆಂಬರ್ 12ನೆಯ ತಾರೀಖು ಅಮೆರಿಕದ ಫ್ಲಾರಿಡಾ ಕಡಲತೀರದಿಂದ ‘ಕೊಲಂಬಿಯಾ’ ಎಂಬ ಅಂತರಿಕ್ಷ ನೌಕೆ ತನ್ನ ಎರಡನೆಯ ಯಾತ್ರೆಗೆ ಹೊರಟಿತು. ಒಳಗಿದ್ದವರು ಜೋ ಎಂಗಲ್ ಮತ್ತು ರಿಚರ್ಡ್ ಟ್ರೂಲಿ ಎಂಬ ಇಬ್ಬರೇ ಯಾತ್ರಿಕರು. ಆದರೆ ನೌಕೆಯ ಬೆನ್ನಿನ ಮೇಲಿನ ಸರಕಿನ ಕೋಣೆಯಲ್ಲಿ, ಎಡಗಡೆಯ ಅಂಚಿಗೆ ಒತ್ತಿ, ಬಿಳಿಯ ಹೊದಿಕೆ ಹೊದ್ದು ಉದ್ದಕ್ಕೆ ಮಲಗಿದ್ದ ಇನ್ನೊಂದು ವಸ್ತುವಿನ ಮೇಲೆಯೇ ಆ ಸಲ ಅನೇಕರ ಕಣ್ಣು ನೆಟ್ಟಿತ್ತು. ಅದೊಂದು ತೋಳು. ಮನುಷ್ಯನ ತೋಳಿನಂತೆಯೇ ಭುಜ, ಮೊಣಕೈ, ಮಣಿಕಟ್ಟುಗಳುಳ್ಳ, ಆರು ಕೀಲುಗಳ ಯಂತ್ರದ ತೋಳು. ಉದ್ದ 15 ಮೀಟರಿಗೆ ತುಸು ಮೇಲು, ಎಂದರೆ ಐವತ್ತು ಅಡಿ. ದಪ್ಪ 38 ಸೆಂಟಿಮೀಟರು. ಕೆನಡಾ ದೇಶದವರು ತಮ್ಮ ಖರ್ಚಿನಲ್ಲಿ ಮಾಡಿಸಿ ಅಮೆರಿಕಕ್ಕೆ ಕಾಣಿಕೆಯಾಗಿ ಕೊಟ್ಟದ್ದರಿಂದ ಅದಕ್ಕೆ ‘ಕೆನಡಾರ್ಮ್’ ಎಂಬ ಹೆಸರು ಬಂತು.

ಈ ತೋಳಿನ ವಿಷಯದಲ್ಲಿ ಕೇಳಿದವರೆಲ್ಲರೂ ಬೆರಗಾಗುವ ಸಂಗತಿಯೊಂದುಂಟು. ಅದರ ತೂಕ ಸುಮಾರು 410 ಕಿಲೋಗ್ರಾಂ. ಭೂಮಿಯ ಮೇಲೆ ಇಟ್ಟು ಅದರ ಮೋಟಾರುಗಳನ್ನು ನಡೆಸಿದರೆ ತನ್ನ ಈ ಮೈಭಾರವನ್ನೇ ಅದು ಎತ್ತಿ ನಿಲ್ಲಿಸಲಾರದು. ಆದರೆ ಅಂತರಿಕ್ಷದಲ್ಲಿ 29,500 ಕಿಲೋಗ್ರಾಮಿನ ಸರಕನ್ನು, ಎಂದರೆ ಆರೇಳು ಆನೆಗಳಷ್ಟನ್ನು, ಕೋಣೆಯಿಂದ ಹೊರತೆಗೆದು ಬೇಕಾದ ಕಡೆ ಇಡುವಂತೆ ಅದನ್ನು ರಚಿಸಿದ್ದರು. ಇಷ್ಟಕ್ಕೆ ಅದು ಬಳಸುವ ವಿದ್ಯುತ್ತು ಚಹದ ನೀರು ಕಾಯಿಸುವ ಒಂದು ಕೆಟಲಿಗೆ ಬೇಕಾದುದಕ್ಕಿಂತ ಕಡಿಮೆಯೆಂದು ಕೆನಡಾದವರು ಹೆಮ್ಮೆಯಿಂದ ಹೇಳಿಕೊಂಡರು.

ಮೈಭಾರ ಹೊರಲಾರದವನು ಆನೆಗಳನ್ನು ಎತ್ತುವುದೆಂದರೆ ಅಜ್ಜಿಕತೆಯಂತೆ ಕೇಳುತ್ತದೆ. ಆದರೆ ಇಲ್ಲಿ ಮಂತ್ರವೂ ಇಲ್ಲ, ಮಾಯೆಯೂ ಇಲ್ಲ. ಎರಡು ಗುಣಾಕಾರಗಳಿವೆ, ಅಷ್ಟೆ. ಕಾರ್ಖಾನೆಯ ದೊಡ್ಡ ಯಂತ್ರದ ತೋಳಿರಲಿ, ಕಾಲೇಜಿನ ವಿದ್ಯಾರ್ಥಿ ಮೇಜಿನ ಮೇಲೆ ಕಟ್ಟುವ ಪುಟ್ಟ ತೋಳಿರಲಿ, ಅದರ ಕೀಲಿಗೆ ಎಂತಹ ಮೋಟಾರು ಬೇಕೆಂದು ನಿರ್ಣಯಿಸುವವರು ಮೊದಲು ಮಾಡಬೇಕಾದುದು ಆ ಎರಡು ಗುಣಾಕಾರಗಳನ್ನೇ. ಹೈಸ್ಕೂಲಿನ ಹುಡುಗನಿಗೂ ಅವು ಎಟುಕುತ್ತವೆ.

ಲೆಕ್ಕಕ್ಕೆ ಮುಂಚೆ ಮಾತಿನ ಒಂದು ತೊಡಕನ್ನು ಬಿಡಿಸಿಕೊಳ್ಳಬೇಕು. ಬಲ, ಶಕ್ತಿ, ಸಾಮರ್ಥ್ಯ ಎಂಬ ಮೂರು ಶಬ್ದಗಳನ್ನು ದಿನದ ಮಾತಿನಲ್ಲಿ ಒಂದರ ಬದಲು ಇನ್ನೊಂದನ್ನು ಧಾರಾಳವಾಗಿ ಬಳಸುತ್ತೇವೆ. ಭೀಮಸೇನ ಬಲಶಾಲಿಯೂ ಹೌದು, ಶಕ್ತಿವಂತನೂ ಹೌದು, ಸಮರ್ಥನೂ ಹೌದು. ಕವಿಗೆ ಇದು ಸಂಪತ್ತು. ಪ್ರಾಸಕ್ಕೆ ಯಾವುದು ಒದಗುತ್ತದೆಯೋ ಅದನ್ನು ಎತ್ತಿಕೊಳ್ಳಬಹುದು. ವಿಜ್ಞಾನಿಗೆ ಮಾತ್ರ ಈ ಔದಾರ್ಯವಿಲ್ಲ. ತಳ್ಳುವುದು, ಎಳೆಯುವುದು ಬಲ. ಬಲವನ್ನು ಹಾಕಿ ಒಂದಷ್ಟು ದೂರ ಸರಿಸಿದಾಗ ವೆಚ್ಚವಾಗುವುದು ಶಕ್ತಿ. ಆ ಶಕ್ತಿ ಎಷ್ಟು ಬೇಗ ವೆಚ್ಚವಾಯಿತು ಎಂಬುದು ಸಾಮರ್ಥ್ಯ. ಒಂದು ಮೂಟೆ ಅಕ್ಕಿಯನ್ನು ಮಹಡಿಗೆ ಸಾಗಿಸಲು ಹತ್ತು ನಿಮಿಷ ಹಿಡಿದ ಮುದುಕನೂ ಒಂದೇ ನಿಮಿಷದಲ್ಲಿ ಮುಗಿಸಿದ ತರುಣನೂ ಮೂಟೆಗಾಗಿ ವ್ಯಯಿಸಿದ ಶಕ್ತಿ ಒಂದೇ. ಸಾಮರ್ಥ್ಯದಲ್ಲಿ ತರುಣನದು ಹತ್ತರಷ್ಟು. ಪತ್ರಿಕೆಗಳು ಕೆನಡಾರ್ಮನ್ನು ‘ಮಹಾಶಕ್ತಿಶಾಲಿ ತೋಳು’ ಎಂದು ವರ್ಣಿಸುವುದುಂಟು. ಈ ಮೂರು ಅರ್ಥಗಳಲ್ಲಿ ಯಾವುದನ್ನು ಹಿಡಿದು ನೋಡಿದರೂ ಆ ಹೊಗಳಿಕೆ ಸಲ್ಲದು ಎಂಬುದು ಮುಂದೆ ತಿಳಿಯುತ್ತದೆ.

ಇವುಗಳ ಜೊತೆಗೆ ನಾಲ್ಕನೆಯದೊಂದಿದೆ. ಇಂಗ್ಲಿಷಿನವರು ‘ಟಾರ್ಕ್’ ಎನ್ನುತ್ತಾರೆ, ತಿರುಚು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದ ಮಾತು. ಕನ್ನಡದಲ್ಲಿ ತಿರುಗುಬಲ ಎಂದರೆ ಸಾಕು. ಹೆಸರು ಹೊಸದಾದರೂ ಅದರ ಪರಿಚಯವಿಲ್ಲದ ಮನೆಯಿಲ್ಲ. ಬಾಗಿಲನ್ನು ಹಿಡಿಕೆಯ ಬಳಿ ತಳ್ಳಿದರೆ ಮಗುವೂ ತೆರೆಯುತ್ತದೆ. ತಿರುಗುವ ಕೀಲಿನ ಪಕ್ಕದಲ್ಲೇ ತಳ್ಳಿದರೆ ದೊಡ್ಡವರೂ ಏದುಸಿರು ಬಿಡಬೇಕು. ಬೀಸುವ ಕಲ್ಲಿನ ಗೂಟವನ್ನು ಕಲ್ಲುಕುಟಿಗ ನಡುವೆ ನೆಡದೆ ಅಂಚಿನ ಹತ್ತಿರ ನೆಟ್ಟಿರುತ್ತಾನೆ. ಅವನು ಯಾವ ಶಾಸ್ತ್ರವನ್ನೂ ಓದಿದವನಲ್ಲ, ಬೀಸುವವರ ರಟ್ಟೆಯ ಕಷ್ಟವನ್ನು ಕಂಡವನು. ತಿರುಗಿಸಬೇಕಾದಾಗ ಬಲ ಎಷ್ಟೆಂಬುದರಷ್ಟೇ ಮುಖ್ಯ, ಕೀಲಿನಿಂದ ಎಷ್ಟು ದೂರದಲ್ಲಿ ಅದನ್ನು ಹಾಕಿದೆ ಎಂಬುದು. ಬಲವನ್ನು ಆ ದೂರದಿಂದ ಗುಣಿಸಿದರೆ ತಿರುಗುಬಲ. ಇದು ಮೊದಲನೆಯ ಗುಣಾಕಾರ.

ತುಂಬಿದ ಬಿಂದಿಗೆಯನ್ನು ಸೊಂಟದ ಮೇಲಿಟ್ಟು ಗೃಹಿಣಿ ಮಾತನಾಡುತ್ತಲೇ ನಡೆದು ಬರುತ್ತಾಳೆ. ಅದೇ ಬಿಂದಿಗೆಯನ್ನು ಕೈ ನೀಡಿ ಮುಂದಕ್ಕೆ ಹಿಡಿಯಲು ಹೇಳಿದರೆ ಪೈಲವಾನನ ಭುಜವೂ ಅರೆನಿಮಿಷದಲ್ಲಿ ನಡುಗುತ್ತದೆ. ನೀರಿನ ತೂಕ ಒಂದು ತೊಲವೂ ಹೆಚ್ಚಲಿಲ್ಲ, ಹೆಚ್ಚಿದ್ದು ದೂರ. ಮೊಣಕೈಯ ಒಳಗಿನ ಕತೆ ಇನ್ನೂ ವಿಚಿತ್ರ. ಮೇಲುತೋಳಿನ ಮುಂದಿನ ಸ್ನಾಯು ಮೊಣಕೈಯ ಕೀಲಿನಿಂದ ಹೆಚ್ಚು ಕಡಿಮೆ 4 ಸೆಂಟಿಮೀಟರ್ ದೂರದಲ್ಲಿ ಮೂಳೆಗೆ ಅಂಟಿಕೊಂಡಿದೆ. ಅಂಗೈ ಇರುವುದು ಸುಮಾರು 35 ಸೆಂಟಿಮೀಟರ್ ದೂರದಲ್ಲಿ. ಮೊಣಕೈಯನ್ನು ಮಡಿಸಿ 5 ಕಿಲೋ ತರಕಾರಿಯ ಚೀಲ ಹಿಡಿದು ನಿಂತಾಗ, ಮುಂಗೈಯ ಭಾರವೂ ಸೇರಿ, ಆ ಸ್ನಾಯು ಸುಮಾರು 50 ಕಿಲೋ ತೂಕಕ್ಕೆ ಸಮನಾದ ಎಳೆತವನ್ನು ತಾಳಬೇಕಾಗುತ್ತದೆ. ಪ್ರಕೃತಿ ಇಷ್ಟು ದುಬಾರಿ ವ್ಯಾಪಾರ ಮಾಡಿದ್ದು ಏಕೆ? ಸ್ನಾಯು ಅಂಗುಲದಷ್ಟು ಕುಗ್ಗಿದರೆ ಅಂಗೈ ಎಂಟು ಒಂಬತ್ತು ಅಂಗುಲ ಚಲಿಸುತ್ತದೆ. ಬಲವನ್ನು ತೆತ್ತು ವೇಗವನ್ನು ಕೊಂಡದ್ದಾಯಿತು. ಕಲ್ಲು ಬೀರಿ ಬೇಟೆಯಾಡಬೇಕಾಗಿದ್ದ ಪ್ರಾಣಿಗೆ ಅದೇ ಲಾಭ.

ಇನ್ನು ಯಂತ್ರದ ತೋಳಿಗೆ ಬರೋಣ. ಮೇಜಿನ ಮೇಲೆ ನಿಲ್ಲುವ ಒಂದು ಚಿಕ್ಕ ತೋಳನ್ನು ಊಹಿಸಿಕೊಳ್ಳಬೇಕು. ಭುಜದಿಂದ ಮೊಣಕೈಗೆ 30 ಸೆಂಟಿಮೀಟರ್, ಮೊಣಕೈಯಿಂದ ಹಿಡಿತದ ತುದಿಗೆ ಇನ್ನೊಂದು 30. ಎರಡು ತುಂಡುಗಳೂ ತಲಾ 1 ಕಿಲೋ ತೂಗುತ್ತವೆ. ಮೊಣಕೈಯಲ್ಲಿ ಕೂಡಿಸಿರುವ ಮೋಟಾರು ಅರ್ಧ ಕಿಲೋ. ಎತ್ತಬೇಕಾದ ವಸ್ತು 1 ಕಿಲೋ ಸಕ್ಕರೆಯ ಪೊಟ್ಟಣವೆಂದೇ ಇಟ್ಟುಕೊಳ್ಳೋಣ. ಭುಜದ ಮೋಟಾರು ಎಂಥದಿರಬೇಕು?

ಎಲ್ಲಕ್ಕಿಂತ ಕಷ್ಟದ ಭಂಗಿಯಲ್ಲಿ, ಎಂದರೆ ತೋಳು ನೆಲಕ್ಕೆ ಸಮನಾಗಿ ಪೂರಾ ಚಾಚಿಕೊಂಡಾಗ, ಲೆಕ್ಕ ಹಾಕಬೇಕು. ಮೊದಲ ತುಂಡಿನ ಭಾರ ಅದರ ನಡುವೆ ಇದೆಯೆಂದು ಭಾವಿಸಿದರೆ ಭುಜದಿಂದ ದೂರ 15, ಗುಣಲಬ್ಧ 15. ಮೊಣಕೈಯ ಅರ್ಧ ಕಿಲೋ ಮೋಟಾರು 30ರ ದೂರದಲ್ಲಿದೆ, ಅದರದೂ 15. ಎರಡನೆಯ ತುಂಡಿನ ನಡು 45ರ ದೂರದಲ್ಲಿ, ಅದು 45. ಸಕ್ಕರೆಯ ಪೊಟ್ಟಣ 60ರ ದೂರದಲ್ಲಿ, ಅದು 60. ಕೂಡಿದರೆ 135 ಕಿಲೋಗ್ರಾಂ-ಸೆಂಟಿಮೀಟರ್. ಶಾಸ್ತ್ರಜ್ಞರು ಮೆಚ್ಚುವ ಅಳತೆಯಲ್ಲಿ ಹೇಳಿದರೆ ಸುಮಾರು 13 ನ್ಯೂಟನ್-ಮೀಟರ್.

ಈ ಮೊತ್ತವನ್ನು ತುಸು ನಿಂತು ನೋಡುವುದು ಒಳ್ಳೆಯದು. 135ರಲ್ಲಿ ಸಕ್ಕರೆಗೆ ಸಂದದ್ದು 60 ಮಾತ್ರ. ಉಳಿದ 75 ತೋಳು ತನ್ನನ್ನು ತಾನೇ ಎತ್ತಿಕೊಳ್ಳಲು ಖರ್ಚಾಯಿತು. ತಿಂಗಳ ಸಂಬಳದಲ್ಲಿ ಬಾಡಿಗೆ, ಬಸ್ಸು, ಬಟ್ಟೆಗಳಿಗೇ ಅರ್ಧಕ್ಕಿಂತ ಹೆಚ್ಚು ಹೋಗಿ ಉಳಿದದ್ದರಲ್ಲಿ ಸಂಸಾರ ತೂಗಿಸುವ ಗುಮಾಸ್ತನ ಅವಸ್ಥೆ ಇದು. ಅಷ್ಟೇ ಅಲ್ಲ, ಇಲ್ಲಿ ಒಂದು ಸಾಲದ ಸುಳಿಯೂ ಉಂಟು. ಹೆಚ್ಚು ಭಾರ ಎತ್ತಬೇಕೆಂದು ಮೊಣಕೈಗೆ ದೊಡ್ಡ ಮೋಟಾರು ಹಾಕಿದರೆ ಆ ಮೋಟಾರಿನ ತೂಕ ಭುಜದ ಮೇಲೆ ಬೀಳುತ್ತದೆ. ಅದನ್ನು ತಾಳಲು ಭುಜಕ್ಕೆ ಇನ್ನೂ ದೊಡ್ಡ ಮೋಟಾರು, ಅದರ ಸೆಳೆತಕ್ಕೆ ಮುರಿಯದಂತೆ ಇನ್ನೂ ದಪ್ಪನೆಯ ತುಂಡು, ಆ ತುಂಡಿನ ಭಾರಕ್ಕೆ ಮತ್ತೆ ದೊಡ್ಡ ಮೋಟಾರು! ಅಸಲಿಗೆ ಸಾಲ, ಬಡ್ಡಿಗೆ ಸಾಲ. ಆದುದರಿಂದಲೇ ಜಾಣ ಶಿಲ್ಪಿ ಮೋಟಾರುಗಳನ್ನು ಸಾಧ್ಯವಾದಷ್ಟೂ ಬುಡದ ಕಡೆಗೆ ಸರಿಸಿ, ಪಟ್ಟಿಗಳ ಮೂಲಕ ತುದಿಯನ್ನು ಆಡಿಸುತ್ತಾನೆ. 1961ರಲ್ಲಿ ಅಮೆರಿಕದ ನ್ಯೂಜೆರ್ಸಿ ಪ್ರಾಂತದ ಜನರಲ್ ಮೋಟಾರ್ಸ್ ಕಾರ್ಖಾನೆಯಲ್ಲಿ ಕಾದ ಲೋಹದ ಅಚ್ಚುಗಳನ್ನು ತೆಗೆದಿಡಲು ನಿಂತ ‘ಯೂನಿಮೇಟ್’ ಎಂಬ ಮೊದಲ ಕಾರ್ಖಾನೆಯ ತೋಳಿನಲ್ಲಿ ವಿದ್ಯುತ್ ಮೋಟಾರಿನ ಬದಲು ಎಣ್ಣೆಯ ಒತ್ತಡವೇ ಕೀಲುಗಳನ್ನು ಆಡಿಸುತ್ತಿತ್ತು. ಕಡಿಮೆ ಜಾಗದಲ್ಲಿ ಹೆಚ್ಚು ಬಲ ಕೊಡುವುದರಲ್ಲಿ ಎಣ್ಣೆಗೆ ಆಗ ಎದುರಾಳಿಯಿರಲಿಲ್ಲ.

ಇಲ್ಲಿಯವರೆಗೆ ವೇಗದ ಮಾತೇ ಬರಲಿಲ್ಲ. 13 ನ್ಯೂಟನ್-ಮೀಟರ್ ಎಂಬುದು ತೋಳು ಬೀಳದಂತೆ ಹಿಡಿದಿರಲು ಬೇಕಾದದ್ದು. ಎಷ್ಟು ಬೇಗ ಎತ್ತಬೇಕು ಎಂದು ಕೇಳಿದೊಡನೆ ಎರಡನೆಯ ಗುಣಾಕಾರ ಬರುತ್ತದೆ: ತಿರುಗುಬಲವನ್ನು ತಿರುಗುವ ವೇಗದಿಂದ ಗುಣಿಸಿದರೆ ಸಾಮರ್ಥ್ಯ. ತಿರುಗುವಿಕೆಯನ್ನು ಅಳೆಯಲು ಗಣಿತಜ್ಞರು ಇಡೀ ಸುತ್ತನ್ನು 6.28 ಪಾಲಾಗಿ ಮಾಡಿ ಒಂದೊಂದು ಪಾಲಿಗೆ ರೇಡಿಯನ್ ಎಂದು ಹೆಸರಿಟ್ಟಿದ್ದಾರೆ. ಕಾಲು ಸುತ್ತು ಎಂದರೆ 1.57. ತೋಳು ಒಂದು ಸೆಕೆಂಡಿನಲ್ಲಿ ಕಾಲು ಸುತ್ತು ಏಳಬೇಕಾದರೆ 13.2 ಗುಣಿಸು 1.57, ಎಂದರೆ 21 ವಾಟ್. ಎರಡು ಸೆಕೆಂಡಾದರೂ ಆಗಲಿ ಎಂದು ಬಿಟ್ಟರೆ ಅದರ ಅರ್ಧ ಸಾಕು. ಇದು ತೋಳು ಚಾಚಿರುವ ಭಂಗಿಯ ಮಾತು. ಮೇಲೇಳುತ್ತ ಹೋದಂತೆ ಭಾರ ಕೀಲಿನ ನೇರಕ್ಕೆ ಬಂದು ತಿರುಗುಬಲ ಇಳಿಯುತ್ತದೆ. ನೆಟ್ಟಗೆ ನಿಂತಾಗ ಸೊನ್ನೆ. ಆದರೂ ನಿಂತದ್ದನ್ನು ಹೊರಡಿಸುವ ಸೆಳೆತ, ಕೀಲಿನ ಘರ್ಷಣೆ, ಇವಕ್ಕೆಲ್ಲ ಅವಕಾಶವಿಟ್ಟು ಲೆಕ್ಕ ಬಂದದ್ದರ ಎರಡರಷ್ಟು ಮೋಟಾರನ್ನು ಕೊಳ್ಳುವುದು ವಿವೇಕ. ಮದುವೆಯ ಅಡುಗೆಗೆ ನಿಂತ ಭಟ್ಟರು ಅಕ್ಕಿ ಅಳೆಯುವ ಹಾಗೆ.

ಮೂಟೆ ಹೊತ್ತು ಅಲ್ಲಾಡದೆ ನಿಂತ ಹಮಾಲಿ ಭೌತಶಾಸ್ತ್ರದ ಪ್ರಕಾರ ಯಾವ ಕೆಲಸವನ್ನೂ ಮಾಡುತ್ತಿಲ್ಲ. ಅವನ ಕತ್ತು ಈ ಮಾತನ್ನು ಒಪ್ಪುವುದಿಲ್ಲ. ಮೋಟಾರಿನದೂ ಅದೇ ದೂರು. ತಿರುಗದೆ ಭಾರ ತಡೆದು ನಿಂತಾಗ ಅದರ ಸಾಮರ್ಥ್ಯ ಸೊನ್ನೆ, ಆದರೆ ತಂತಿಗಳಲ್ಲಿ ವಿದ್ಯುತ್ತು ಹರಿಯುತ್ತಲೇ ಇರುತ್ತದೆ, ಅದೆಲ್ಲ ಬಿಸಿಯಾಗಿ ಹೋಗುತ್ತದೆ. ಎತ್ತುವಾಗ ಕೆಡದ ಮೋಟಾರು ಸುಮ್ಮನೆ ಹಿಡಿದು ನಿಂತಾಗ ಸುಟ್ಟುಹೋಗುವುದು ಈ ಕಾರಣದಿಂದ. ಒಳ್ಳೆಯ ತೋಳುಗಳ ಕೀಲುಗಳಲ್ಲಿ ಬ್ರೇಕುಗಳಿರುತ್ತವೆ, ಭಾರವನ್ನು ಬ್ರೇಕಿಗೆ ಒಪ್ಪಿಸಿ ಮೋಟಾರು ವಿಶ್ರಮಿಸುತ್ತದೆ.

ಇನ್ನೊಂದು ಉಪಾಯವನ್ನು ಹೇಳದೆ ಮುಂದುವರಿಯುವಂತಿಲ್ಲ. ಸಣ್ಣ ಮೋಟಾರುಗಳಿಗೆ ಬಲ ಕಡಿಮೆ, ಓಟ ಹೆಚ್ಚು. ನಿಮಿಷಕ್ಕೆ ಸಾವಿರಾರು ಸುತ್ತು ಬರಬಲ್ಲವು. ತೋಳಿಗೆ ಬೇಕಾದದ್ದು ಇದರ ತಿರುವುಮುರುವು. ನಡುವೆ ಹಲ್ಲುಚಕ್ರಗಳನ್ನು ಕೂಡಿಸಿ, ಮೋಟಾರು ನೂರು ಸುತ್ತು ಬಂದರೆ ಕೀಲು ಒಂದು ಸುತ್ತು ಬರುವಂತೆ ಮಾಡಿದರೆ ವೇಗ ನೂರರಲ್ಲೊಂದಾಗಿ ತಿರುಗುಬಲ ನೂರರಷ್ಟಾಗುತ್ತದೆ. ಸಾಮರ್ಥ್ಯ ಮಾತ್ರ ಹೆಚ್ಚುವುದಿಲ್ಲ. ನೂರು ರೂಪಾಯಿಯ ನೋಟನ್ನು ಚಿಲ್ಲರೆ ಮಾಡಿಸಿದರೆ ಚೀಲ ತುಂಬುತ್ತದೆ, ಬೆಲೆ ಅಷ್ಟೇ. ಹಿಂದಿನ ಸರಾಫರು ನಾಣ್ಯ ಬದಲಿಸಿ ಕೊಡುವಾಗ ವಟ್ಟ ಹಿಡಿಯುತ್ತಿದ್ದರಲ್ಲ, ಹಾಗೆಯೇ ಹಲ್ಲುಚಕ್ರಗಳೂ ಘರ್ಷಣೆಯ ಹೆಸರಿನಲ್ಲಿ ಒಂದಿಷ್ಟನ್ನು ಮುರಿದುಕೊಂಡೇ ಕೊಡುತ್ತವೆ. ಪ್ರಕೃತಿ ಮನುಷ್ಯನ ತೋಳಿನಲ್ಲಿ ಬಲ ತೆತ್ತು ವೇಗ ಕೊಂಡಳು, ಯಂತ್ರಶಿಲ್ಪಿ ವೇಗ ತೆತ್ತು ಬಲ ಕೊಳ್ಳುತ್ತಾನೆ. ಕೆನಡಾರ್ಮಿನ ಭುಜದಲ್ಲಿ ಮೋಟಾರು 1,842 ಸುತ್ತು ಬಂದರೆ ಕೀಲು ಬರುತ್ತಿದ್ದುದು ಒಂದೇ ಸುತ್ತು.

ಈಗ ಆ ಐವತ್ತಡಿ ತೋಳಿಗೆ ಇದೇ ಲೆಕ್ಕವನ್ನು ಹಾಕಿ ನೋಡಬಹುದು. ಭೂಮಿಯ ಮೇಲೆ ಅದು ಚಾಚಿ ಮಲಗಿದೆ, 410 ಕಿಲೋ ಭಾರವೂ ನಟ್ಟನಡುವೆ, ಭುಜದಿಂದ ಏಳೂವರೆ ಮೀಟರ್ ದೂರದಲ್ಲಿದೆ ಎಂದು ಭಾವಿಸೋಣ. ಆಗ ಭುಜ ತಾಳಬೇಕಾದ ತಿರುಗುಬಲ ಸುಮಾರು 30,000 ನ್ಯೂಟನ್-ಮೀಟರ್. ಮೇಜಿನ ಮೇಲಿನ ತೋಳಿಗೆ ಬೇಕಾದುದರ ಎರಡು ಸಾವಿರ ಪಟ್ಟಿಗೂ ಹೆಚ್ಚು. ತುದಿಯಲ್ಲಿ ಸರಕೇನೂ ಇಲ್ಲದಾಗ ಇಷ್ಟು! ಇಷ್ಟನ್ನು ಕೊಡಬಲ್ಲ ಮೋಟಾರನ್ನು ಹಾಕಿದ್ದರೆ ತೋಳಿನ ತೂಕ ಎಲ್ಲಿಗೆ ಮುಟ್ಟುತ್ತಿತ್ತೋ. ಒಂದೊಂದು ಕಿಲೋವನ್ನೂ ಅಪಾರ ವೆಚ್ಚದಿಂದ ಆಕಾಶಕ್ಕೆ ಏರಿಸಬೇಕಾದವರಿಗೆ ಅದು ಕಟ್ಟದ ಬಾಬತ್ತು.

ಅಂತರಿಕ್ಷದಲ್ಲಿ ನೌಕೆ, ತೋಳು, ಸರಕು, ಯಾತ್ರಿಕ ಎಲ್ಲವೂ ಒಟ್ಟಿಗೆ ಭೂಮಿಯ ಸುತ್ತ ಬೀಳುತ್ತಲೇ ಇರುವುದರಿಂದ ಒಂದು ಇನ್ನೊಂದರ ಮೇಲೆ ಭಾರ ಹೇರುವುದಿಲ್ಲ. ಆ 30,000 ಎಂಬ ಸಂಖ್ಯೆ ಅಲ್ಲಿ ಸೊನ್ನೆಯಾಗಿಬಿಡುತ್ತದೆ. ಆದರೆ ಎಚ್ಚರಿಕೆಯಿಂದ ಗಮನಿಸಬೇಕಾದದ್ದು ಇಲ್ಲಿಯೇ. ತೂಕ ಹೋಯಿತು, ಜಡತ್ವ ಹೋಗಲಿಲ್ಲ. ನಿಂತಿರುವುದು ನಿಂತೇ ಇರಬೇಕೆನ್ನುವ, ಚಲಿಸುತ್ತಿರುವುದು ಚಲಿಸುತ್ತಲೇ ಇರಬೇಕೆನ್ನುವ ಹಟ ವಸ್ತುವಿನಲ್ಲಿ ಎಲ್ಲಿ ಹೋದರೂ ಅಷ್ಟೇ ಇರುತ್ತದೆ. ನಡುಮನೆಯ ಮರದ ತೂಗುಯ್ಯಾಲೆ ಇದಕ್ಕೆ ಸೊಗಸಾದ ಸಾಕ್ಷಿ. ಹಲಗೆಯ ತುಂಬ ಅತ್ತೆಯರು, ಚಿಕ್ಕಮ್ಮಂದಿರು ಕುಳಿತಿರುವಾಗ ಐದು ವರ್ಷದ ಮಗು ಅದನ್ನು ಎತ್ತಬಲ್ಲುದೆ? ಭಾರವನ್ನು ಸರಪಣಿ ಹೊತ್ತಿದೆ. ಮಗು ಮೆಲ್ಲಗೆ ಒತ್ತುತ್ತ ಹೋದರೆ ಉಯ್ಯಾಲೆ ನಿಧಾನವಾಗಿ ಕದಲುತ್ತದೆ. ಕದಲಿದ ಉಯ್ಯಾಲೆಯನ್ನು ಎದುರಿಗೆ ನಿಂತು ತಟ್ಟನೆ ತಡೆಯಲು ಹೋದವರ ಮೊಣಕಾಲಿಗೆ ಏನಾಗುತ್ತದೆಂಬುದು ಆ ಮನೆಯವರಿಗೆಲ್ಲ ಗೊತ್ತು.

ಕೆನಡಾರ್ಮು ತನ್ನ ತುದಿಯಲ್ಲಿ 29,500 ಕಿಲೋ ಸರಕನ್ನು ಹಿಡಿದುಕೊಂಡು ಅದನ್ನು ಕೇವಲ 70 ನ್ಯೂಟನ್ ಬಲದಿಂದ ತಳ್ಳಿತೆಂದು ಊಹಿಸೋಣ. 70 ನ್ಯೂಟನ್ ಎಂದರೆ ನೆಲದ ಮೇಲೆ 7 ಕಿಲೋ ಚೀಲವನ್ನು ಕೈಯಲ್ಲಿ ಹಿಡಿಯುವಷ್ಟು ಬಲ, ಹೆಚ್ಚಲ್ಲ. ಭುಜದಲ್ಲಿ ಅದು 1,050 ನ್ಯೂಟನ್-ಮೀಟರಾಗುತ್ತದೆ. ಹಲ್ಲುಚಕ್ರಗಳ ಆಚೆ ಮೋಟಾರಿಗೆ ತಗಲುವುದು, ಘರ್ಷಣೆಯನ್ನು ಬಿಟ್ಟರೆ, 0.57 ಮಾತ್ರ. ಸರಕು ಮೊದಲು ಕದಲಿದಂತೆಯೇ ಕಾಣುವುದಿಲ್ಲ. 25 ಸೆಕೆಂಡುಗಳು ಕಳೆದ ಮೇಲೆ ಅದರ ವೇಗ ಸೆಕೆಂಡಿಗೆ 6 ಸೆಂಟಿಮೀಟರ್ ಮುಟ್ಟುತ್ತದೆ. ಗೋಡೆಯ ಮೇಲೆ ಹರಿಯುವ ಜಿರಲೆ ಇದಕ್ಕಿಂತ ಚುರುಕು. ಭಾರ ಹಿಡಿದ ಕೆನಡಾರ್ಮಿಗೆ ಗೊತ್ತುಮಾಡಿದ್ದ ವೇಗದ ಮಿತಿ ಇದೇ: ಸೆಕೆಂಡಿಗೆ 6 ಸೆಂಟಿಮೀಟರ್. ಬರಿಗೈಯಲ್ಲಿದ್ದಾಗ 60.

ಇಷ್ಟು ದೊಡ್ಡ ಹೊರೆಗೆ ಆ ವೇಗ ತುಂಬಲು ವೆಚ್ಚವಾದ ಶಕ್ತಿಯೆಷ್ಟು? 53 ಜೂಲ್. ಬಾವಿಯಲ್ಲಿ ನೀರು ತುಂಬಿದ 15 ಕಿಲೋ ತೂಕದ ಕೊಡವನ್ನು ಹಗ್ಗ ಹಿಡಿದು ಒಂದು ಅಡಿಗಿಂತ ತುಸು ಮೇಲೆ ಎಳೆದರೆ ಇಷ್ಟೇ ಶಕ್ತಿ ಖರ್ಚಾಗುತ್ತದೆ. 25 ಸೆಕೆಂಡಿನಲ್ಲಿ 53 ಜೂಲ್ ಎಂದರೆ ಸರಾಸರಿ 2 ವಾಟಿನ ಸಾಮರ್ಥ್ಯ. ಮಲಗುವ ಕೋಣೆಯ ಮಂಕು ದೀಪದಷ್ಟು. ಕೆಟಲಿನ ಹೋಲಿಕೆಯೇ ದೊಡ್ಡದಾಯಿತೆನ್ನಬೇಕು. ತೋಳಿಗೆ ಹೋಗುತ್ತಿದ್ದ ಮಿಕ್ಕ ವಿದ್ಯುತ್ತು ಘರ್ಷಣೆಗೆ, ಕ್ಯಾಮರಾಗಳಿಗೆ, ನಿಯಂತ್ರಣದ ಸಲಕರಣೆಗೆ, ಅಂತರಿಕ್ಷದ ಕೊರೆಯುವ ಚಳಿಯಲ್ಲಿ ಕೀಲುಗಳನ್ನು ಬೆಚ್ಚಗಿಡುವ ಹೀಟರುಗಳಿಗೆ ಬೇಕಾಗಿತ್ತು.

ಅಂದಮೇಲೆ ಕಷ್ಟವೆಲ್ಲಿ? ನಿಲ್ಲಿಸುವುದರಲ್ಲಿ. 6 ಸೆಂಟಿಮೀಟರ್ ವೇಗದ ಸರಕನ್ನು ಅದೇ 70 ನ್ಯೂಟನ್ ಬಲದಿಂದ ತಡೆದರೆ ಅದು ನಿಲ್ಲುವ ಹೊತ್ತಿಗೆ ಮುಕ್ಕಾಲು ಮೀಟರ್ ಮುಂದೆ ಹೋಗಿರುತ್ತದೆ. ಇದನ್ನು ಸಹಿಸಬಹುದು. ಯಾರಾದರೂ ಆತುರಪಟ್ಟು ಬರಿಗೈಯ ವೇಗವನ್ನೇ, 60 ಸೆಂಟಿಮೀಟರನ್ನೇ, ತುಂಬಿದ ಕೈಗೂ ಕೊಟ್ಟರೆಂದು ಭಾವಿಸೋಣ. ವೇಗ ಹತ್ತರಷ್ಟಾದರೆ ಶಕ್ತಿ ನೂರರಷ್ಟಾಗುತ್ತದೆ, ನಿಲ್ಲಲು ಬೇಕಾದ ದೂರವೂ ನೂರರಷ್ಟು. ಎಂದರೆ 76 ಮೀಟರ್. ತೋಳು ಇರುವುದೇ 15 ಮೀಟರ್! ಸರಕು ಅಷ್ಟು ದೂರ ಹೋಗುವುದಕ್ಕೆ ಮೊದಲೇ ತೋಳನ್ನು ಕಿತ್ತುಕೊಂಡು ಹೋಗುತ್ತದೆ, ಇಲ್ಲವೆ ನೌಕೆಗೇ ಬಡಿಯುತ್ತದೆ. ಮನೆಗೆ ಮರಳಲು ಯಾತ್ರಿಕರಿಗೆ ಇರುವುದು ಆ ಒಂದೇ ನೌಕೆ. ಆಮೆಯ ನಡಿಗೆಯ ಆ ಮಿತಿ ಮೋಟಾರಿನ ಬಡತನದಿಂದ ಬಂದದ್ದಲ್ಲ, ಪ್ರಾಣದ ಲೆಕ್ಕದಿಂದ ಬಂದದ್ದು.

ಅದೂ ಅಲ್ಲದೆ ಐವತ್ತು ಅಡಿಯ ತೆಳ್ಳನೆಯ ತೋಳು ಬಿದಿರಿನ ಗಳುವಿನಂತೆ ಬಳುಕುತ್ತದೆ. ಕೀಲು ನಿಂತರೂ ತುದಿ ತೂಗಾಡುತ್ತಲೇ ಇರುತ್ತದೆ. ಅದು ಸ್ತಬ್ಧವಾಗುವವರೆಗೆ ಕಾಯುವುದನ್ನು ಯಾತ್ರಿಕರಿಗೆ ವಿಶೇಷವಾಗಿ ಕಲಿಸಬೇಕಾಯಿತು.

ಕೆನಡಾದ ಶಿಲ್ಪಿಗಳ ನಿಜವಾದ ಸಂಕಟ ಇನ್ನೊಂದಿತ್ತು. ಭೂಮಿಯ ಮೇಲೆ ತನ್ನನ್ನೇ ಎತ್ತಲಾರದ ತೋಳನ್ನು ಭೂಮಿಯ ಮೇಲೆ ಪರೀಕ್ಷಿಸುವುದು ಹೇಗೆ? ನುಣ್ಣಗೆ ಸಮತಟ್ಟು ಮಾಡಿದ ನೆಲದ ಮೇಲೆ, ಗಾಳಿಯ ತೆಳು ಪದರದಲ್ಲಿ ತೇಲುವ ಆಸರೆಗಳ ಮೇಲೆ ಅದನ್ನು ಮಲಗಿಸಿ ಅತ್ತಿತ್ತ ಆಡಿಸಿ ನೋಡಿದರು. ಅಕ್ಕಪಕ್ಕದ ಚಲನೆ ಸಿದ್ಧವಾಯಿತು. ಮೇಲೆ ಕೆಳಗೆ ಆಡುವುದನ್ನು ನೋಡುವ ಮಾರ್ಗವೇ ಇರಲಿಲ್ಲ. ಉಳಿದದ್ದನ್ನೆಲ್ಲ ಗಣಕಯಂತ್ರದಲ್ಲಿ ಅನುಕರಿಸಿ, ಕಾಗದದ ಮೇಲಿನ ಲೆಕ್ಕವನ್ನು ನಂಬಿ ಆಕಾಶಕ್ಕೆ ಕಳುಹಿಸಿದರು. ಇಡೀ ತೋಳು ಇಡೀ ತೋಳಾಗಿ ಮೊತ್ತಮೊದಲು ಕೈ ನೀಡಬೇಕಾಗಿದ್ದುದು 1981ರ ಆ ನವೆಂಬರಿನಲ್ಲಿ, ಎಂಗಲ್ ಮತ್ತು ಟ್ರೂಲಿಯವರ ಎದುರಿನಲ್ಲಿ.

ಅದಕ್ಕೂ ವಿಘ್ನ ಬಂತು. ನೌಕೆ ಮೇಲೇರಿದ ಕೆಲವೇ ಗಂಟೆಗಳಲ್ಲಿ ವಿದ್ಯುತ್ತನ್ನು ಒದಗಿಸುವ ಮೂರು ಕೋಶಗಳಲ್ಲಿ ಒಂದು ಕೆಟ್ಟಿತು. ಐದು ದಿನಗಳ ಯಾತ್ರೆಯನ್ನು ಎರಡೇ ದಿನಕ್ಕೆ ಮೊಟಕುಗೊಳಿಸಬೇಕೆಂದು ಕೆಳಗಿನಿಂದ ಆಜ್ಞೆ ಬಂತು. ತೋಳಿನ ಪರೀಕ್ಷೆ ಬಹುಮಟ್ಟಿಗೆ ಕೈಬಿಟ್ಟುಹೋಗುವಂತಿತ್ತು. ಆದರೆ ಮೇಲಿದ್ದವರಿಬ್ಬರೂ ನಿದ್ರೆಗೆಂದು ಗೊತ್ತುಮಾಡಿದ್ದ ಹೊತ್ತಿನಲ್ಲಿ ನಿದ್ರಿಸಲಿಲ್ಲ. ಭೂಮಿಯೊಡನೆ ಮಾತು ಕಡಿದುಹೋಗುವ ವೇಳೆಗಳಲ್ಲಿಯೂ ತೋಳನ್ನು ಬಿಚ್ಚಿ ಆಡಿಸಿದರು. ಆಜ್ಞೆಯ ಅಕ್ಷರಕ್ಕೆ ಇದು ಒಪ್ಪುತ್ತಿತ್ತೋ ಇಲ್ಲವೋ, ಶಿಸ್ತಿನ ಪಕ್ಷಪಾತಿಗಳು ಬೇಕಾದರೆ ಚರ್ಚಿಸಲಿ. ಲೆಕ್ಕ ಸುಳ್ಳಾಗಲಿಲ್ಲ. ತೋಳು ಹೇಳಿದ ಕಡೆ ಹೋಯಿತು, ನಿಲ್ಲೆಂದ ಕಡೆ ನಿಂತಿತು. ನವೆಂಬರ್ 14ರಂದು ನೌಕೆ ಕ್ಷೇಮವಾಗಿ ಇಳಿಯಿತು.

ತೋಳಿನ ಬೆಲೆ ಜಗತ್ತಿಗೆ ತಿಳಿದದ್ದು 1984ರ ಏಪ್ರಿಲಿನಲ್ಲಿ. ಸೂರ್ಯನನ್ನು ಅಭ್ಯಸಿಸಲು 1980ರಲ್ಲಿ ಹಾರಿಬಿಟ್ಟಿದ್ದ ‘ಸೋಲಾರ್ ಮ್ಯಾಕ್ಸ್’ ಎಂಬ ಉಪಗ್ರಹ, ತೂಕ ಎರಡು ಟನ್ನಿಗೂ ಮಿಕ್ಕಿದ್ದು, ಕೆಲವು ತಿಂಗಳಲ್ಲೇ ಕೆಟ್ಟು ಕುಳಿತಿತ್ತು. ಅದನ್ನು ಹಿಡಿದು ರಿಪೇರಿ ಮಾಡಲು ‘ಚಾಲೆಂಜರ್’ ನೌಕೆ ಹೋಯಿತು. ಜಾರ್ಜ್ ನೆಲ್ಸನ್ ಎಂಬ ಯಾತ್ರಿಕ ಬೆನ್ನಿಗೆ ಜೆಟ್‌ಚೀಲ ಕಟ್ಟಿಕೊಂಡು ತಾನೇ ಅದರ ಬಳಿಗೆ ತೇಲಿಹೋಗಿ ಕೊಂಡಿ ಹಾಕಲು ನೋಡಿದ. ಕೊಂಡಿ ಕಚ್ಚಲಿಲ್ಲ. ಕೈಯಿಂದಲೇ ಹಿಡಿದು ನಿಲ್ಲಿಸಲು ಯತ್ನಿಸಿದಾಗ ಉಪಗ್ರಹ ಇನ್ನಷ್ಟು ಅಡ್ಡಾದಿಡ್ಡಿಯಾಗಿ ಉರುಳತೊಡಗಿತು. ತೂಕವಿಲ್ಲದ ವಸ್ತುವಿಗೂ ಜಡತ್ವವಿದೆಯೆಂಬುದನ್ನು ಆ ಉಪಗ್ರಹ ಮರೆತಿರಲಿಲ್ಲ. ಕೆಳಗಿನ ನಿಯಂತ್ರಣ ಕೇಂದ್ರದವರು ಬಹಳ ಪ್ರಯಾಸದಿಂದ ಅದರ ಉರುಳಾಟವನ್ನು ತಗ್ಗಿಸಿದರು. ಏಪ್ರಿಲ್ 10ರಂದು ನೌಕೆಯ ಕಿಟಕಿಯ ಹಿಂದೆ ನಿಂತ ಟೆರಿ ಹಾರ್ಟ್ ಎಂಬ ಯಾತ್ರಿಕ ಕೆನಡಾರ್ಮನ್ನು ಮೆಲ್ಲಮೆಲ್ಲನೆ ನೀಡಿ, ನಿಧಾನವಾಗಿ ತಿರುಗುತ್ತಿದ್ದ ಉಪಗ್ರಹದ ಹಿಡಿಯನ್ನು ತೋಳಿನ ತುದಿಯ ತಂತಿಗಳಲ್ಲಿ ಸಿಕ್ಕಿಸಿ, ನೌಕೆಯೊಳಕ್ಕೆ ತಂದಿರಿಸಿದ. ರಿಪೇರಿಯಾದ ಸೋಲಾರ್ ಮ್ಯಾಕ್ಸನ್ನು ಅದೇ ತೋಳು ಮತ್ತೆ ಆಕಾಶಕ್ಕೆ ಬಿಟ್ಟಿತು.

ಅದೇ ವರ್ಷದ ಆಗಸ್ಟ್ ತಿಂಗಳ ಕೊನೆಯಲ್ಲಿ ‘ಡಿಸ್ಕವರಿ’ ಎಂಬ ನೌಕೆಯ ಮೊದಲ ಯಾತ್ರೆಯಲ್ಲಿ ನಡೆದದ್ದು ಇನ್ನೂ ಸಣ್ಣ ಸಂಗತಿ. ಬಳಸಿದ ನೀರನ್ನು ಹೊರಚೆಲ್ಲುವ ಕಿಂಡಿಯ ಬಾಯಲ್ಲಿ ನೀರು ಹೆಪ್ಪುಗಟ್ಟಿ ಮಂಜುಗಡ್ಡೆಯ ಕೊಂಬೊಂದು ಬೆಳೆದುನಿಂತಿತು. ಭೂಮಿಗೆ ಮರಳುವಾಗ ಅದು ಮುರಿದು ನೌಕೆಯ ಮೈಗೆ ಬಡಿದರೆ, ಬೆಂಕಿಯಂತಹ ಬಿಸಿಯಿಂದ ಕಾಪಾಡುವ ಬಿಲ್ಲೆಗಳು ಒಡೆಯುವ ಭಯವಿತ್ತು. ಇಪ್ಪತ್ತೊಂಬತ್ತು ಟನ್ನುಗಳ ಸರಕಿಗೆಂದು ರಚಿಸಿದ ತೋಳನ್ನು ನಾಯಕ ಹೆನ್ರಿ ಹಾರ್ಟ್ಸ್‌ಫೀಲ್ಡ್ ನೌಕೆಯ ಪಕ್ಕಕ್ಕೆ ಬಗ್ಗಿಸಿ, ಬಿಲ್ಲೆಗಳಿಗೆ ತಗಲದಂತೆ ಅಂಗುಲ ಅಂಗುಲವಾಗಿ ಸರಿಸಿ, ತುದಿಯಿಂದ ಆ ಗಡ್ಡೆಯನ್ನು ಒಮ್ಮೆ ತಟ್ಟಿದ. ಗಡ್ಡೆಯ ಬಹುಭಾಗ ಕಳಚಿ ಕತ್ತಲೆಯಲ್ಲಿ ತೇಲಿಹೋಯಿತು. ಸೆಪ್ಟೆಂಬರ್ 5ರಂದು ನೌಕೆ ಕ್ಯಾಲಿಫೋರ್ನಿಯಾದಲ್ಲಿ ನೆಲ ಮುಟ್ಟಿದಾಗ ತೋಳು ಮತ್ತೆ ತನ್ನ ಅಂಚಿಗೆ ಒರಗಿ, ಬಿಗಿದ ಪಟ್ಟುಗಳಲ್ಲಿ ಮಲಗಿತ್ತು.